ಹರಕೆಯ ಊರಿಗೆ ಪುಟ್ಟನೊಂದಿಗೆ

ಎರಡು ವರ್ಷ ತುಂಬದ ಮಗುವನ್ನು ಎತ್ತಿಕೊಂಡು ಶ್ರೀಲಂಕಾಕ್ಕೆ ಹೊರಡುತ್ತೇವೆ ಎಂದಾಗ, ಭಾನುವಾರದ ಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ನಿಂತಿದ್ದವರು ನಕ್ಕುಬಿಟ್ಟರು. "ಮಗು ಸ್ವಲ್ಪ ದೊಡ್ಡದಾಗಲಿ. ಈಗ ಹೋದರೆ ಅದಕ್ಕೆ ಏನು ನೆನಪಿರುತ್ತದೆ?" ಎಂದರು. ಅವರ ಮಾತು ಸುಳ್ಳಲ್ಲ. ಆದರೆ ನಮ್ಮದು ಬರಿಯ ಪ್ರವಾಸವಾಗಿರಲಿಲ್ಲ, ಅತ್ತೆಯವರ ಹರಕೆಯಾಗಿತ್ತು.

ಮಂಜೇಶ್ವರ ತಾಲೂಕಿನ ನಮ್ಮ ಮನೆಯಿಂದ ಗಡಿ ದಾಟಿದರೆ ಮುಡಿಪು. ಅಲ್ಲಿನ ಗುಡ್ಡದ ಮೇಲೆ ಸಂತ ಜೋಸೆಫ್ ವಾಜರು ಮೊಣಕಾಲೂರಿ ಪ್ರಾರ್ಥಿಸಿದ ಕಡೆ ನೀರಿನ ಬುಗ್ಗೆ ಎದ್ದಿತೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮದುವೆಯಾಗಿ ಆರು ವರ್ಷವಾದರೂ ನಮಗೆ ಮಕ್ಕಳಾಗದಿದ್ದಾಗ ಅತ್ತೆ ಅಲ್ಲಿಗೆ ಹೋಗಿ, "ಮೊಮ್ಮಗು ಹುಟ್ಟಿದರೆ ನೀವು ಪ್ರಾಣ ಬಿಟ್ಟ ಊರಿಗೇ ಕರೆತರುತ್ತೇನೆ" ಎಂದು ಹೇಳಿಕೊಂಡಿದ್ದರಂತೆ. 2022ರ ಮಾರ್ಚಿನಲ್ಲಿ ಪುಟ್ಟ ಹುಟ್ಟಿದ. ಸಂತರು ಪ್ರಾಣ ಬಿಟ್ಟದ್ದು ಶ್ರೀಲಂಕಾದ ಕ್ಯಾಂಡಿಯಲ್ಲಿ, 1711ರ ಜನವರಿ 16ರಂದು. ಅವರ ಹಬ್ಬವೂ ಅದೇ ದಿನ. 2024ರ ಹಬ್ಬಕ್ಕೆ ಕ್ಯಾಂಡಿಯಲ್ಲಿರಬೇಕೆಂಬುದು ಅತ್ತೆಯ ಆಸೆ.

ಕಾಗದಪತ್ರದ ಕೆಲಸ

ಮಗುವಿಗೆ ಪ್ರತ್ಯೇಕ ಪಾಸ್‌ಪೋರ್ಟ್ ಬೇಕೇ ಬೇಕು. ಜನನ ಪ್ರಮಾಣಪತ್ರದ ಜೊತೆಗೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಕೊಡಬೇಕು. ತೀರ ಚಿಕ್ಕ ಮಕ್ಕಳ ಫೋಟೋವನ್ನು ಬಿಳಿ ಹಿನ್ನೆಲೆಯಲ್ಲಿ ತೆಗೆಸಿ ನಾವೇ ಒಯ್ಯಬೇಕು. ಪುಟ್ಟ ಕಣ್ಣು ಬಿಟ್ಟು, ಬಾಯಿ ಮುಚ್ಚಿ ನೇರವಾಗಿ ನೋಡುವ ಒಂದು ಫೋಟೋಕ್ಕೆ ಸ್ಟುಡಿಯೋದವರು ಮುಕ್ಕಾಲು ಗಂಟೆ ಗಿಲಕಿ ಆಡಿಸಬೇಕಾಯಿತು.

ಎಲ್ಲ ಆಯಿತು ಎಂದುಕೊಂಡಾಗ ಇವರ ಪಾಸ್‌ಪೋರ್ಟಿನ ಅವಧಿ ಮುಗಿಯಲು ನಾಲ್ಕೇ ತಿಂಗಳಿದೆ ಎಂದು ಗೊತ್ತಾಯಿತು. ಕನಿಷ್ಠ ಆರು ತಿಂಗಳು ಇರಬೇಕು. ಮತ್ತೆ ಓಡಾಟ! ಮಗುವಿನದನ್ನು ಮಾಡಿಸುವ ಮೊದಲು ದೊಡ್ಡವರದನ್ನು ತೆರೆದು ನೋಡಿ. ಶ್ರೀಲಂಕಾಕ್ಕೆ ಹೊರಡುವ ಮೊದಲೇ ಅಂತರ್ಜಾಲದಲ್ಲಿ ಅನುಮತಿ ಪಡೆಯಬೇಕು. ನಾವು ಹೋದಾಗ ಭಾರತೀಯರಿಗೆ ಶುಲ್ಕವಿರಲಿಲ್ಲ. ಈ ನಿಯಮ ಆಗಾಗ ಬದಲಾಗುವುದರಿಂದ ಅಲ್ಲಿನ ಸರ್ಕಾರದ ಜಾಲತಾಣವನ್ನೇ ನೋಡುವುದು ಒಳ್ಳೆಯದು.

ವಿಮಾನದಲ್ಲಿ ಎರಡು ವರ್ಷ ತುಂಬದ ಮಗು ಮಡಿಲಲ್ಲಿ ಕೂರಬಹುದು, ಟಿಕೆಟ್ಟಿನ ದರವೂ ಕಡಿಮೆ. ಎರಡು ತುಂಬಿದರೆ ಬೇರೆ ಸೀಟು ಕೊಳ್ಳಬೇಕು. ಹೋಗುವ ದಿನ ಮಾತ್ರವಲ್ಲ, ಹಿಂತಿರುಗುವ ದಿನವೂ ಎರಡು ತುಂಬಿರಬಾರದು ಎಂಬುದನ್ನು ನೆನಪಿಡಿ.

ಪಟ್ಟಿ ಸಣ್ಣದಾಯಿತು

ಇವರು ಮೊದಲು ಬರೆದ ಪಟ್ಟಿಯಲ್ಲಿ ನಾಲ್ಕು ರಾತ್ರಿಗೆ ಕೊಲಂಬೊ, ಕ್ಯಾಂಡಿ, ನುವಾರ ಎಲಿಯ, ಗಾಲೆ ಎಲ್ಲವೂ ಇದ್ದವು. ಪಟ್ಟಿ ಕಂಡ ನಮ್ಮ ಮಕ್ಕಳ ಡಾಕ್ಟರು, "ಮಗುವಿಗೆ ಊಟ ಎಷ್ಟು ಹೊತ್ತಿಗೆ, ನಿದ್ದೆ ಎಷ್ಟು ಹೊತ್ತಿಗೆ? ಅದನ್ನು ಮೊದಲು ಬರೆಯಿರಿ. ಉಳಿದ ಹೊತ್ತಿನಲ್ಲಿ ಊರು ನೋಡಿ" ಎಂದರು. ಹಾಗೆ ಬರೆದಾಗ ದಿನಕ್ಕೆ ಎರಡು ಮೂರು ಗಂಟೆ ಮಾತ್ರ ಉಳಿಯಿತು! ಎರಡು ರಾತ್ರಿ ನೆಗೊಂಬೊ, ಎರಡು ರಾತ್ರಿ ಕ್ಯಾಂಡಿ ಎಂದು ಗೊತ್ತುಮಾಡಿದೆವು.

ಔಷಧದ ಚೀಲದಲ್ಲಿ ತೂಕಕ್ಕೆ ತಕ್ಕ ಪ್ರಮಾಣ ಬರೆಸಿಕೊಂಡ ಜ್ವರದ ಸಿರಪ್, ಓಆರ್‌ಎಸ್, ಥರ್ಮಾಮೀಟರ್, ಡಾಕ್ಟರ ಚೀಟಿ ಇದ್ದವು. ಅಲ್ಲಿ ಡೆಂಗ್ಯೂ ಇರುವುದರಿಂದ ಸೊಳ್ಳೆಪರದೆ, ತುಂಬು ತೋಳಿನ ಅಂಗಿಗಳನ್ನೂ ತುಂಬಿಕೊಂಡೆವು. ರಾತ್ರಿ ರೈಲಿನಲ್ಲಿ ಕೊಚ್ಚಿ ಕಡೆಗೆ ಹೊರಟದ್ದರಿಂದ ಪುಟ್ಟ ನಿದ್ದೆಯಲ್ಲೇ ಕೇರಳ ದಾಟಿದ. ಕೊಚ್ಚಿಯಿಂದ ಕೊಲಂಬೊ ವಿಮಾನದಲ್ಲಿ ಒಂದೂಕಾಲು ಗಂಟೆಯ ಹಾದಿ. ಅಲ್ಲಿಯ ಗಡಿಯಾರವೂ ನಮ್ಮದೇ ಹೊತ್ತು ತೋರಿಸುವುದರಿಂದ ಮಗುವಿನ ನಿದ್ದೆ ಕೆಡಲಿಲ್ಲ. ವಿಮಾನ ಇಳಿಯುವಾಗ ಕಿವಿ ನೋಯುತ್ತದೆ. ಆಗ ಕುಡಿಯಲು ಹಾಲು ಕೊಟ್ಟರೆ ನುಂಗುವುದರಿಂದ ನೋವು ತಗ್ಗುತ್ತದೆ. ನಾನು ಬೇಗ ಕೊಟ್ಟು ಬಾಟಲಿ ಖಾಲಿ ಮಾಡಿಬಿಟ್ಟಿದ್ದೆ. ಕೊನೆಯ ಹತ್ತು ನಿಮಿಷ ಇಡೀ ವಿಮಾನಕ್ಕೆ ಪುಟ್ಟನ ಸಂಗೀತ!

ನೆಗೊಂಬೊದಲ್ಲಿ

ಕೊಲಂಬೊದ ವಿಮಾನ ನಿಲ್ದಾಣ ಇರುವುದು ನಿಜವಾಗಿ ನೆಗೊಂಬೊ ಪಕ್ಕದ ಕಟುನಾಯಕದಲ್ಲಿ. ಅರ್ಧ ಗಂಟೆಯಲ್ಲಿ ವಸತಿಗೃಹ ಸೇರಿದೆವು. ಕಥೋಲಿಕರು ಹೆಚ್ಚಾಗಿರುವ ಮೀನುಗಾರರ ಪಟ್ಟಣವಿದು. 'ಪುಟ್ಟ ರೋಮ್' ಎಂದೇ ಹೆಸರು. ಬೀದಿ ತಿರುವುಗಳಲ್ಲಿ ಗಾಜಿನ ಗೂಡಿನೊಳಗೆ ಸಂತರ ಪ್ರತಿಮೆಗಳು. ಅಂಗಡಿ ಫಲಕಗಳಲ್ಲಿ ಫೆರ್ನಾಂಡೊ, ಪೆರೇರಾ, ಸಿಲ್ವಾ ಹೆಸರುಗಳನ್ನು ಕಂಡು ಅತ್ತೆ, "ಇವರೆಲ್ಲ ನಮ್ಮ ನೆಂಟರ ಹಾಗೇ ಇದ್ದಾರಲ್ಲ!" ಎಂದರು.

15ರ ಬೆಳಿಗ್ಗೆ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ನರ ಇಗರ್ಜಿಗೆ ಹೋದೆವು. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ, ಪೂಜೆಯ ವೇಳೆ ಬಾಂಬ್ ಸಿಡಿದು ನೂರಕ್ಕೂ ಹೆಚ್ಚು ಮಂದಿ ಸತ್ತ ಇಗರ್ಜಿಯಿದು. ರಕ್ತದ ಕಲೆಗಳಿರುವ ಪುನರುತ್ಥಿತ ಯೇಸುವಿನ ಪ್ರತಿಮೆಯನ್ನು ಹಾಗೆಯೇ ಕಾಪಾಡಿ ಇಟ್ಟಿದ್ದಾರೆ. ಸತ್ತವರಲ್ಲಿ ಎಷ್ಟೋ ಮಕ್ಕಳು. ಪುಟ್ಟ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಅವನ ಭಾರ ಆ ದಿನ ನನಗೆ ಭಾರ ಎನಿಸಲಿಲ್ಲ.

ಅದೇ ರಾತ್ರಿ ಅವನಿಗೆ ಜ್ವರ ಬಂತು. ಥರ್ಮಾಮೀಟರ್ 102 ತೋರಿಸಿತು, ಎರಡು ಸಲ ವಾಂತಿಯೂ ಆಯಿತು. ಪರದೇಶ, ಗೊತ್ತಿಲ್ಲದ ಭಾಷೆ. ನನ್ನ ಕೈಕಾಲು ನಡುಗುತ್ತಿದ್ದವು. ವಸತಿಗೃಹದ ಅಮ್ಮ ಎದ್ದು ಬಂದು, ಆಂಬುಲೆನ್ಸ್ ಬೇಕಾದರೆ 1990ಕ್ಕೆ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ ಎಂದು ಧೈರ್ಯ ಹೇಳಿದರು. 2016ರಲ್ಲಿ ಭಾರತದ ನೆರವಿನಿಂದ ಶುರುವಾದ ಸೇವೆಯಂತೆ ಅದು. ಕೊನೆಗೆ ಅವರೇ ಆಟೋ ಕರೆಸಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಮಗುವನ್ನು ಪರೀಕ್ಷಿಸಿ, "ವೈರಲ್ ಜ್ವರದ ಹಾಗೆ ಕಾಣುತ್ತದೆ. ಓಆರ್‌ಎಸ್ ಸ್ವಲ್ಪ ಸ್ವಲ್ಪವೇ ಕುಡಿಸಿ. ಮೂರನೆಯ ದಿನವೂ ಬಿಡದಿದ್ದರೆ ರಕ್ತ ಪರೀಕ್ಷೆ ಮಾಡೋಣ" ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು.

ಹಬ್ಬದ ದಿನ

16ರ ಬೆಳಿಗ್ಗೆ ಆರು ಗಂಟೆಗೆ ಕ್ಯಾಂಡಿಗೆ ಹೋಗುವ ಕಾರು ಬಾಗಿಲಲ್ಲಿ ನಿಂತಿತ್ತು. ಪುಟ್ಟ ಜ್ವರದಲ್ಲೇ ಇದ್ದ. ಇವರು ಒಮ್ಮೆ ನನ್ನ ಮುಖ, ಒಮ್ಮೆ ಅವರ ಅಮ್ಮನ ಮುಖ ನೋಡಿದರು. ಕಡೆಗೆ, "ಅಮ್ಮಾ, ನೀವೂ ನಾನೂ ಹೋಗಿ ರಾತ್ರಿಯೊಳಗೆ ಬಂದುಬಿಡೋಣವೇ?" ಎಂದರು. ನಾನು ಮಾತಾಡಲಿಲ್ಲ. ಬೇಡ ಎನ್ನುವ ಧೈರ್ಯವಿರಲಿಲ್ಲ, ಹೋಗಿ ಎನ್ನುವ ಮನಸ್ಸೂ ಇರಲಿಲ್ಲ.

ಸೀರೆ ಉಟ್ಟು, ಜಪಸರ ಹಿಡಿದು ಸಿದ್ಧರಾಗಿದ್ದ ಅತ್ತೆ ಕುರ್ಚಿಯಲ್ಲಿ ಕುಳಿತರು.

"ಕಾರು ಕಳಿಸಿಬಿಡು, ಮಗಾ" ಎಂದರು. "ಜೋಸೆಫ್ ವಾಜರೂ ಈ ದೇಶದಲ್ಲಿ ಇಳಿದ ಕೂಡಲೇ ಭೇದಿಯಾಗಿ ಹಾಸಿಗೆ ಹಿಡಿದವರು. ಕಾಯಿಲೆಯ ಮಗುವನ್ನು ಬಿಟ್ಟು ನನ್ನ ಹಬ್ಬಕ್ಕೆ ಬಾ ಅಂತ ಅವರು ಹೇಳಲಿಕ್ಕಿಲ್ಲ."

ಅತ್ತೆ ಹೇಳಿದ್ದು ನಿಜ. ಗೋವೆಯಲ್ಲಿ ಹುಟ್ಟಿ, ನಮ್ಮ ಕೆನರಾದಲ್ಲಿ 1681ರಿಂದ ಮೂರು ವರ್ಷ ದುಡಿದ ಈ ಗುರುಗಳು 1687ರಲ್ಲಿ ಕೂಲಿಯವನ ವೇಷದಲ್ಲಿ ಲಂಕೆಗೆ ಬಂದರು. ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಕಾಲವದು. ಪ್ರಯಾಣದ ಕಷ್ಟದಿಂದ ಬಂದ ತಕ್ಷಣ ಸಾಯುವಷ್ಟು ಕಾಯಿಲೆ ಬಿದ್ದರು. ಮುಂದೆ 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ತೊರೆದು ಓಡಿದಾಗ, ಅವರನ್ನು ಎತ್ತಿ ಆರೈಕೆ ಮಾಡಿದವರೂ ಇವರೇ.

ಆ ದಿನ ಅತ್ತೆ ಮಂಚದ ಪಕ್ಕದಲ್ಲೇ ಕೂತು ಜಪಸರ ಮಾಡುತ್ತ, ಹತ್ತು ನಿಮಿಷಕ್ಕೊಂದು ಚಮಚದಂತೆ ಪುಟ್ಟನಿಗೆ ನೀರು ಕುಡಿಸಿದರು. ವಸತಿಗೃಹದ ಅಮ್ಮ ಕೆಂಪಕ್ಕಿಯ ಗಂಜಿ ಮಾಡಿ ತಂದರು. ನಮ್ಮ ಕುಚ್ಚಲಕ್ಕಿ ಗಂಜಿಯದೇ ಪರಿಮಳ. ಸಂಜೆ ಪುಟ್ಟ ಬಾಯಿ ತೆರೆದು ಮೂರು ಚಮಚ ನುಂಗಿದಾಗ ಅತ್ತೆಯ ಕಣ್ಣಲ್ಲಿ ನೀರು. ಕ್ಯಾಂಡಿಯ ಕೋಣೆಗೆ ಕೊಟ್ಟ ಮುಂಗಡ ಮರಳಿ ಬರಲಿಲ್ಲ, ಅದರ ಮಾತನ್ನು ಯಾರೂ ಎತ್ತಲೂ ಇಲ್ಲ.

17ಕ್ಕೆ ಜ್ವರ ಇಳಿಯಿತು. ಮೂರು ಗಂಟೆಯ ತಿರುವಿನ ದಾರಿ ಬೇಡವೆಂದು ಕ್ಯಾಂಡಿ ಬಿಟ್ಟೆವು. ಪುಟ್ಟನ ಹಠಕ್ಕೆ ಕಡಲತೀರದವರೆಗೆ ನಡೆದೆವು. ಮರಳಿನ ಮೇಲೆ ಹಾಸಿದ ನಾರಿನ ಚಾಪೆಗಳಲ್ಲಿ ಮೀನು ಒಣಗುತ್ತಿತ್ತು, ಸುತ್ತ ನೂರಾರು ಕಾಗೆಗಳು. "ಕಾಕಾ! ಕಾಕಾ!" ಎಂದು ಅವನು ಕೂಗಿದ ಸಂತೋಷ ನೋಡಬೇಕಿತ್ತು. ಇಷ್ಟು ದೂರ ಬಂದು ಅವನು ಮೆಚ್ಚಿದ್ದು ನಮ್ಮ ಮಂಜೇಶ್ವರದ ಕಡಲತೀರದಲ್ಲೂ ಇರುವ ಕಾಗೆಗಳನ್ನು!

ಹಿಂತಿರುಗುವ ದಿನ ವಿಮಾನ ಸಂಜೆಗಿತ್ತು. ಬೆಳಿಗ್ಗೆ ಕೊಲಂಬೊದ ಗಾಲ್ ಫೇಸ್ ಮೈದಾನಕ್ಕೆ ಹೋದೆವು. ಪೋಪ್ ದ್ವಿತೀಯ ಜಾನ್ ಪೌಲರು 1995ರಲ್ಲಿ ಜೋಸೆಫ್ ವಾಜರನ್ನು ಪುನೀತರೆಂದು, ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಸಂತರೆಂದು ಸಾರಿದ್ದು ಇಲ್ಲಿಯೇ, ಸಮುದ್ರದ ದಂಡೆಯಲ್ಲಿ. ಈಗ ಅಲ್ಲಿ ಗಾಳಿಪಟ ಹಾರಿಸುವ ಹುಡುಗರು, ವಡೆ ಮಾರುವವರು. ಅತ್ತೆ ಹುಲ್ಲಿನ ಮೇಲೆ ಮೊಣಕಾಲೂರಿದರು. ಪುಟ್ಟನೂ ಅವರನ್ನು ನೋಡಿ ಪಕ್ಕದಲ್ಲಿ ಹಾಗೆಯೇ ಕೂತ, ಒಂದು ನಿಮಿಷದ ಮಟ್ಟಿಗೆ.

ಊರಿಗೆ ಬಂದ ಮೇಲೆ ಅಂಗಳದಲ್ಲಿ ಅದೇ ಪ್ರಶ್ನೆ: "ಹರಕೆ ತೀರಿತಾ?" ಮುಂದಿನ ಭಾನುವಾರ ನಾವೆಲ್ಲ ಮುಡಿಪು ಗುಡ್ಡ ಹತ್ತಿದೆವು. ಅತ್ತೆ ಅಲ್ಲಿ ಬಹಳ ಹೊತ್ತು ಪ್ರಾರ್ಥಿಸಿದರು. ಇಳಿದು ಬರುವಾಗ, "ಕ್ಯಾಂಡಿಗೆ ಬರಲಾಗಲಿಲ್ಲ ಅಂತ ಹೇಳಿಬಿಟ್ಟೆ. ಅವರಿಗೆ ಗೊತ್ತಾಗುತ್ತದೆ" ಎಂದರು.

ಚಿಕ್ಕ ಮಗುವಿರುವ ಮನೆಯವರಿಗೆ ನಾನು ಹೇಳುವುದಿಷ್ಟು. ಹೋಗಿ ಬನ್ನಿ, ಹೆದರಬೇಡಿ. ಹತ್ತಿರದ ದೇಶ, ಒಂದೇ ಊರು, ಮಗುವಿನ ಹೊತ್ತಿಗೆ ತಕ್ಕ ದಿನಚರಿ ಇರಲಿ. ಪಟ್ಟಿಯಲ್ಲಿ ಒಂದು ದಿನವನ್ನಾದರೂ ಖಾಲಿ ಬಿಡಿ. ಆ ದಿನಕ್ಕೆ ಏನು ಕೆಲಸವಿದೆ ಎಂಬುದನ್ನು ಮಗುವೇ ಹೇಳುತ್ತದೆ.