ಮಂಜುಗಡ್ಡೆಯ ಅಡಿಯಲ್ಲೊಂದು ಬೆಳೆ

ರಾತ್ರಿ ಹನ್ನೆರಡು ದಾಟಿತ್ತು, ಬಿಸಿಲು ಮಾತ್ರ ಹೊಡೆಯುತ್ತಲೇ ಇತ್ತು. ನಾರ್ವೆಯ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಜುಲೈನಲ್ಲಿ ಏಳೂವರೆಗೆಲ್ಲ ಕತ್ತಲಾಗಿಬಿಡುವ ನಮ್ಮ ಮಲ್ಲಿಪಟ್ಟಣದ ಕಡೆಯವರಿಗೆ ಇದು ನಿದ್ದೆಗೆಡಿಸುವ ಸಂಗತಿ. ಮಲಗಿದರೂ ಸುಖವಿಲ್ಲ. ನಮ್ಮ ಹಡಗಿನ ಮೂತಿ ಮಂಜುಗಡ್ಡೆಗಳನ್ನು ತಳ್ಳಿಕೊಂಡು ಹೋಗುವಾಗ ಗೋಡೆಯಾಚೆ ಕಣದಲ್ಲಿ ರೋಣಗಲ್ಲು ಉರುಳಿಸಿದಂಥ ಸದ್ದು. ಎದ್ದು, ಇದ್ದಬದ್ದ ಬಟ್ಟೆಯನ್ನೆಲ್ಲ ತೊಟ್ಟು ಡೆಕ್ಕಿಗೆ ಹೋಗುವುದೇ ವಾಸಿ.

ನಾವು ಹಡಗು ಹತ್ತಿದ್ದು ಲಾಂಗ್‌ಯಿಯರ್‌ಬಿಯೆನ್‌ನಲ್ಲಿ. 78 ಡಿಗ್ರಿ ಉತ್ತರ ಅಕ್ಷಾಂಶ. ಮಲ್ಲಿಪಟ್ಟಣ ಹದಿಮೂರನ್ನೂ ಮುಟ್ಟುವುದಿಲ್ಲ. ಕಲ್ಲಿದ್ದಲಿಗಾಗಿ ಹುಟ್ಟಿದ ಊರು, ಸುಮಾರು ಎರಡೂವರೆ ಸಾವಿರ ಜನ. ವಿಮಾನ ನಿಲ್ದಾಣದ ಮೇಲಿನ ಗುಡ್ಡದಲ್ಲಿ 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರದ ಕಾಂಕ್ರೀಟ್ ಬಾಗಿಲಿದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಜೋಳ, ಸಜ್ಜೆ, ತೊಗರಿ, ಕಡಲೆಗಳ ಜೊತೆ ರಾಗಿಯ ಬೀಜವನ್ನೂ ಅಲ್ಲಿಗೆ ಕಳಿಸಿದೆ. ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ. ಒಂದು ಗಿಡ ಮರ ಕಾಣದ ಆ ಗುಡ್ಡದೊಳಗೆ ರಾಗಿ ಇದೆ ಎಂದಾಗ ಜೊತೆಗಿದ್ದ ಚನ್ನರಾಯಪಟ್ಟಣದ ಗೆಳೆಯ ನಂಬಲೇ ಇಲ್ಲ.

ಮಾರನೆಯ ದಿನ ನಿ-ಓಲೆಸುಂಡ್. ವಿಜ್ಞಾನಿಗಳದೇ ಊರು, 2008ರ ಜುಲೈ 1ರಂದು ಆರಂಭವಾದ ಭಾರತದ 'ಹಿಮಾದ್ರಿ' ಸಂಶೋಧನಾ ಕೇಂದ್ರ ಇರುವುದು ಇಲ್ಲೇ. ಉಪಕರಣಗಳಿಗೆ ಅಡ್ಡಿಯಾಗಬಾರದೆಂದು ಸುತ್ತಲಿನ 20 ಕಿಲೋಮೀಟರ್‌ವರೆಗೆ ವೈಫೈ, ಬ್ಲೂಟೂತ್ ನಿಷಿದ್ಧ. ಹಡಗಿನ ತುಂಬ ಜನ ಫೋನ್ ಆರಿಸಿ ಹೊರಗೆ ನೋಡಿದ ಅಪರೂಪದ ಬೆಳಗು ಅದು.

80 ಡಿಗ್ರಿ ದಾಟಿದ ಮೇಲೆ ಮಂಜಿಗಿಂತ ಮೊದಲು ಕಂಡದ್ದು ಅದರ ಬೆಳಕು. ದಿಗಂತದ ಮೋಡದ ಹೊಟ್ಟೆಯಲ್ಲಿ ಒಂದು ಬಿಳಿ ಪಟ್ಟಿ. ಕೆಳಗೆ ಮಂಜುಗಡ್ಡೆ ಹರಡಿದ್ದರೆ ಅದರ ಹೊಳಪು ಮೋಡಕ್ಕೆ ಬಡಿದು ಹಾಗೆ ಕಾಣುತ್ತದಂತೆ. ಹಿಂದಿನ ನಾವಿಕರು ಇದನ್ನೇ ನೋಡಿ ದಾರಿ ತೀರ್ಮಾನಿಸುತ್ತಿದ್ದರು. ತಾಸೊತ್ತಿನಲ್ಲಿ ಸುತ್ತ ಗಡ್ಡೆಗಳೇ ಗಡ್ಡೆಗಳು. ಸಮುದ್ರದ ಉಪ್ಪುನೀರು ಹೆಪ್ಪುಗಟ್ಟಲು ಸೊನ್ನೆ ಸಾಲದು, ಮೈನಸ್ 1.8 ಡಿಗ್ರಿ ಬೇಕು.

ನಾನು ಮೂತಿಯ ಕಟಕಟೆಗೆ ಒರಗಿ ಕೆಳಗೇ ನೋಡುತ್ತಿದ್ದೆ. ಹಡಗು ತಗುಲಿ ಒಂದು ಗಡ್ಡೆ ನಿಧಾನ ಮಗುಚಿಕೊಂಡಿತು. ಅಡಿಭಾಗ ಬಿಳಿಯಲ್ಲ, ಕಂದು! ತುಕ್ಕು ಹಿಡಿದಂಥ ಕಂದು. ಅದು ಕೊಳೆಯಲ್ಲ, ಪಾಚಿ. ವಸಂತದಲ್ಲಿ ಮಂಜಿನ ಮೂಲಕ ತೂರಿಬರುವ ಬೆಳಕಿನಲ್ಲೇ ಬೆಳೆಯುವಂಥದ್ದು. ಮಗುಚಿದ ಗಡ್ಡೆಯ ಮೇಲೆ ಬೆರಳುದ್ದದ ಮೀನೊಂದು ಪಟಪಟ ಬಡಿಯುತ್ತಿತ್ತು. ಹಡಗಿನ ಹಿಂದೆಯೇ ಬರುತ್ತಿದ್ದ ಕಿಟ್ಟಿವೇಕ್ ಹಕ್ಕಿ ಎರಗಿ ಎತ್ತಿಕೊಂಡು ಹೋಯಿತು. ಅಷ್ಟರಲ್ಲಿ ನನಗೆ ಆರ್ಕ್ಟಿಕ್ ಅರ್ಥವಾಯಿತು. ಇಲ್ಲಿನ ಬೆಳೆ ಮೇಲಲ್ಲ, ಕೆಳಗೆ. ಪಾಚಿಯನ್ನು ಸೀಗಡಿಯಂಥ ಹುಳ ತಿನ್ನುತ್ತದೆ, ಅದನ್ನು ಧ್ರುವದ ಕಾಡ್ ಮೀನು, ಮೀನನ್ನು ಸೀಲ್, ಸೀಲನ್ನು ಹಿಮಕರಡಿ.

ಕರಡಿ ಹುಡುಕುವುದಕ್ಕೆ ಗೈಡ್ ಹೇಳಿಕೊಟ್ಟ ಉಪಾಯ ಸರಳ: ಬಿಳಿ ಹುಡುಕಬೇಡಿ, ಹಳದಿ ಹುಡುಕಿ. ನಿಜ, ಮಂಜಿನ ಮುಂದೆ ಕರಡಿ ಕೆನೆಹಳದಿ. ದೂರದ ಹಳದಿ ಚುಕ್ಕೆಗೆ ಕಾಲು ಬಂತು, ಕರಿಮೂಗು ಬಂತು. ಹಡಗು ನಿಂತಿತು. 2025ರ ಜನವರಿಯಿಂದ ಸ್ವಾಲ್ಬಾರ್ಡ್‌ನಲ್ಲಿ ಕರಡಿಗೆ 300 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ 500. ಬೈನಾಕ್ಯುಲರಿನಲ್ಲಿ ಕಂಡಿತು, ಮೂತಿ ಪೂರ್ತಿ ಕೆಂಪು. ಸೀಲ್ ಹಿಡಿದಿತ್ತು. ಮೊದಲು ಕೊಬ್ಬನ್ನು ಸುಲಿದು ತಿನ್ನುವುದು ಅದರ ರೂಢಿ. ಅಚ್ಚಬಿಳಿಯ ಎರಡು ಐವರಿ ಗಲ್ ಹಕ್ಕಿಗಳು ಉಳಿಕೆಗೆ ಕಾದು ಕೂತಿದ್ದವು. ಡೆಕ್ಕಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಗೆಳೆಯನ ಕಣ್ಣಲ್ಲಿ ನೀರು, ಗಾಳಿಗೆ ಅಂದ.

ವಾಪಸು ಬರುವಾಗ ಹಿನ್‌ಲೋಪೆನ್ ಜಲಸಂಧಿಯ ಆಲ್ಕೆಫ್ಜೆಲೆಟ್ ಬಂಡೆಗೋಡೆ, ಅದರ ತುಂಬ ಗಿಲ್ಲೆಮಾಟ್ ಹಕ್ಕಿಗಳು. ಸುಮಾರು 60 ಸಾವಿರ ಜೋಡಿಗಳು. ಅಲ್ಲಿನ ಗದ್ದಲವನ್ನೂ ವಾಸನೆಯನ್ನೂ ಬರೆದು ತಿಳಿಸಲಾಗದು. ಮುಂದೊಂದು ದಂಡೆಯಲ್ಲಿ ವಾಲ್‌ರಸ್‌ಗಳು ಒಂದರ ಮೇಲೊಂದು ಬಿದ್ದು ಗೊರಕೆ ಹೊಡೆಯುತ್ತಿದ್ದವು. ಕೋರೆಹಲ್ಲಿನ ಆಸೆಗೆ ಶತಮಾನಗಳ ಕಾಲ ಕೊಂದು ಮುಗಿಸುವ ಹಂತಕ್ಕೆ ತಂದಿದ್ದ ಪ್ರಾಣಿ; 1952ರಲ್ಲಿ ಬೇಟೆ ನಿಂತ ಮೇಲೆ ಚೇತರಿಸಿಕೊಂಡಿದೆ. ಕರಡಿ ಬೇಟೆ ನಿಂತದ್ದು 1973ರಲ್ಲಿ. ಕೋವಿ ಕೆಳಗಿಟ್ಟರೆ ಪ್ರಾಣಿ ಮರಳುತ್ತದೆ, ಆದರೆ ಮಂಜಿಗೆ ಅಂಥ ಕಾನೂನಿಲ್ಲ. 1979ರಿಂದ ಉಪಗ್ರಹಗಳು ಅಳೆಯುತ್ತ ಬಂದಿವೆ, ಬೇಸಿಗೆಯ ಮಂಜು ಇಳಿಯುತ್ತಲೇ ಇದೆ. ಅದನ್ನು ನೋಡಲೆಂದು ಎಣ್ಣೆ ಸುಡುತ್ತ ಹೋದವರಲ್ಲಿ ನಾನೂ ಒಬ್ಬ. ಆ ಲೆಕ್ಕವನ್ನು ಬಚ್ಚಿಟ್ಟು ಬರೆಯುವುದು ಸರಿಯಲ್ಲ.

ಹೋಗುವ ಮನಸ್ಸಿರುವವರಿಗೆ ಒಂದು ಮಾತು. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ಆದರೆ ದಾರಿಯಲ್ಲಿ ಸಿಗುವ ಓಸ್ಲೋಗೆ ಬೇಕು. ಸ್ವಾಲ್ಬಾರ್ಡ್ ಷೆಂಗೆನ್ ವಲಯದ ಹೊರಗಿರುವುದರಿಂದ ಮರಳುವುದು ಎರಡನೇ ಪ್ರವೇಶವೆಂದೇ ಲೆಕ್ಕ. ಎರಡು ಸಲ ಪ್ರವೇಶಿಸಬಹುದಾದ ಷೆಂಗೆನ್ ವೀಸಾವನ್ನೇ ಕೇಳಿ ಪಡೆಯಿರಿ. ಕ್ಯಾಮೆರಾ ಬಿಟ್ಟರೂ ಒಳ್ಳೆಯ ಬೈನಾಕ್ಯುಲರ್ ಬಿಡಬೇಡಿ.