ನಾಲ್ಕು ಗಂಟೆಯ ರೇಡಿಯೊ

ಕ್ಲೀವ್‌ಲ್ಯಾಂಡ್ ಎಂದರೆ ನಿಮಗೆ ಏನು ನೆನಪಾಗುತ್ತದೆ? ಸಂಗೀತ ಕೇಳುವ ಮನೆಯವರಾದರೆ ತ್ಯಾಗರಾಜರ ಆರಾಧನೆ ಎನ್ನುತ್ತೀರಿ. ಅಮೆರಿಕದ ಆ ಊರಿನಲ್ಲಿ 1978ರಿಂದ ಆರಾಧನೆ ನಡೆದುಕೊಂಡು ಬಂದಿದೆ, ನಮ್ಮ ಕಡೆಯ ವಿದ್ವಾಂಸರೂ ಅಲ್ಲಿಗೆ ಹೋಗಿಬರುತ್ತಾರೆ. ನನಗೂ ಅಷ್ಟೇ ಗೊತ್ತಿದ್ದದ್ದು. ಆದರೆ 2024ರ ಸೆಪ್ಟೆಂಬರಿನಲ್ಲಿ ತಮ್ಮನ ಮನೆಗೆ ಹೋದಾಗ ಅವನು ಮೊದಲು ಕರೆದುಕೊಂಡು ಹೋದದ್ದು ಬೇರೆಯದೇ ಒಂದು ಗುಡಿಗೆ. ಗಿಟಾರು, ಡ್ರಮ್ಮುಗಳ ಗುಡಿಗೆ!

ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಹುಣಸೂರಿನಿಂದ ಹೊರಟಾಗ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟಿನ ಜೊತೆಗೆ ಮೂರು ವರ್ಷದ ಒಂದು ಸಿಟ್ಟನ್ನೂ ಕಟ್ಟಿಕೊಂಡು ಹೋಗಿದ್ದೆ. ಚಟ್ನಿಪುಡಿ ಒಂದೇ ವಾರಕ್ಕೆ ಖರ್ಚಾಯಿತು. ಸಿಟ್ಟಿನ ಕಥೆಯನ್ನೇ ಈಗ ಹೇಳುತ್ತೇನೆ.

ನಾವು ಬೆಳೆದದ್ದು ಮೈಸೂರಿನಲ್ಲಿ. ಮನೆಯಲ್ಲಿ ಒಂದೇ ರೇಡಿಯೊ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊ ಸಿಲೋನಿನ ಬಿನಾಕಾ ಗೀತಮಾಲಾ ನನಗೆ ಬೇಕು. ತಮ್ಮನಿಗೆ ಇಂಗ್ಲಿಷ್ ಹಾಡು. ಅಪ್ಪನಿಗೆ ಎರಡೂ ಬೇಡ, ವಾರ್ತೆ ಮುಗಿದ ಮೇಲೆ ಗುಂಡಿ ತಿರುಗಿಸಿಬಿಡುವರು. ಆಮೇಲೆ ಸೋದರಮಾವ ಒಂದು ಹಳೆಯ ಟ್ರಾನ್ಸಿಸ್ಟರ್ ಕೊಟ್ಟರು ನೋಡಿ, ಅಲ್ಲಿಂದ ಅವನು ತಾರಸಿಯ ಮೇಲೇ ವಾಸ. ಕರಕರ ಸದ್ದಿನ ನಡುವೆ ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಪಿಂಕ್ ಫ್ಲಾಯ್ಡ್ ಎಂದು ಏನೇನೋ ಹೆಸರು ಹೇಳುವನು. "ಅದೇನೋ ಡಬ್ಬ ಬಡಿದ ಹಾಗಿದೆ, ಇಳಿದು ಬಂದು ಊಟ ಮಾಡೋ" ಎಂದು ಅಮ್ಮ ಕೆಳಗಿನಿಂದ ಕೂಗುವಳು. ಇಪ್ಪತ್ತನಾಲ್ಕು ತುಂಬುವ ಹೊತ್ತಿಗೆ ಓದಿಗೆಂದು ಅಮೆರಿಕಕ್ಕೆ ಹೋದವನು ಅಲ್ಲಿಯವನೇ ಆಗಿಬಿಟ್ಟ.

ಅಮ್ಮ ಕೊನೆಯ ವರ್ಷಗಳಲ್ಲಿ ನನ್ನ ಜೊತೆ ಹುಣಸೂರಿನಲ್ಲಿದ್ದಳು. 2021ರ ಮೇ ತಿಂಗಳು, ಕೊರೋನಾದ ಎರಡನೇ ಅಲೆ. ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ಹೋಗಿಬಿಟ್ಟಳು. ತಮ್ಮನಿಗೆ ಬರುವುದಕ್ಕೆ ಆಗಲಿಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ನಾನೂ ನನ್ನ ಮಗನೂ ಸೇರಿ ಅಸ್ಥಿ ಬಿಟ್ಟು ಬಂದೆವು. ಅದಕ್ಕೆ ನನಗೆ ಸಿಟ್ಟಿಲ್ಲ, ಆ ಕಾಲ ಎಂಥದ್ದು ಎಂದು ನಿಮಗೂ ಗೊತ್ತು. ಆದರೆ ಚಿಕ್ಕಮ್ಮನ ಮಗ ಒಂದು ಮಾತು ಹೇಳಿದ: "ಅಕ್ಕ, ದೊಡ್ಡಮ್ಮ ಹೋದ ದಿನವೂ ಅವನು ರೇಡಿಯೊ ಹಾಕಿದ್ದ, ನಾನೇ ಕೇಳಿದೆ." ತಾಯಿ ಹೋದ ದಿನ ಹಾಡು! ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಫೋನಿನಲ್ಲಿ ಊಟ ಆಯ್ತಾ, ಮಳೆ ಬಂತಾ ಎಂಬುದರ ಆಚೆಗೆ ನಾನು ಮಾತು ಬೆಳೆಸಲಿಲ್ಲ.

ಅಂತೂ ಇಂತೂ ಎರಡು ಕಡೆ ವಿಮಾನ ಬದಲಿಸಿ ಕ್ಲೀವ್‌ಲ್ಯಾಂಡ್ ತಲುಪಿದೆ. ಊರು ಈರಿ ಸರೋವರದ ದಡದಲ್ಲಿದೆ. ಸರೋವರ ಎಂದರೆ ನಮ್ಮ ಕುಕ್ಕರಹಳ್ಳಿ ಕೆರೆಯಂಥದ್ದು ಎಂದುಕೊಳ್ಳಬೇಡಿ. ಆಚೆ ದಡವೇ ಕಾಣದು, ಸಮುದ್ರವೇ ಸರಿ. ಆ ನೀರಿನ ಅಂಚಿನಲ್ಲೇ ದೊಡ್ಡ ಗಾಜಿನ ಪಿರಮಿಡ್ಡಿನಂಥ ಕಟ್ಟಡ. ಅದೇ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. ಕಟ್ಟಡದ ನಕ್ಷೆ ಐ. ಎಂ. ಪೇ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯದು. ತಮಾಷೆ ಎಂದರೆ ಅವರಿಗೂ ರಾಕ್ ಸಂಗೀತದ ಗಂಧ ಇರಲಿಲ್ಲವಂತೆ! ನನಗೆ ಸ್ವಲ್ಪ ಧೈರ್ಯ ಬಂತು.

ಒಳಗೆ ಸಾಲಾಗಿ ಗಿಟಾರುಗಳು, ವೇದಿಕೆಯ ಮೇಲೆ ಹಾಕುತ್ತಿದ್ದ ಮಿರಿಮಿರಿ ಉಡುಪುಗಳು, ಕೈಬರಹದಲ್ಲಿ ಗೀಚಿದ ಹಾಡಿನ ಹಾಳೆಗಳು. ಅರಮನೆ ನೋಡುವವರ ಹಾಗೆ ಜನ ನಿಧಾನವಾಗಿ ನಡೆಯುತ್ತಾರೆ. ನನ್ನ ವಯಸ್ಸಿನ ಹೆಂಗಸರೂ ಬೇಕಾದಷ್ಟು ಮಂದಿ. "ಇಷ್ಟು ದೊಡ್ಡ ದೇಶದಲ್ಲಿ ಇದನ್ನ ಈ ಊರಲ್ಲೇ ಯಾಕೋ ಕಟ್ಟಿದ್ರು?" ಎಂದು ಕೇಳಿದೆ. ತಮ್ಮನಿಗೆ ಅದೇ ಬೇಕಿತ್ತು. "ಒಂದು ರೇಡಿಯೊ ಕಾರಣ ಅಕ್ಕ" ಎಂದು ಶುರು ಮಾಡಿದ.

ಆ ಕಥೆ ಕೇಳಿ. 1950ರ ಹೊತ್ತಿಗೆ ಇಲ್ಲಿ ಲಿಯೊ ಮಿಂಟ್ಸ್ ಎನ್ನುವವರದೊಂದು ಗ್ರಾಮಫೋನ್ ತಟ್ಟೆಗಳ ಅಂಗಡಿ. ಆಗ ಅಮೆರಿಕದಲ್ಲಿ ಕರಿಯರ ಹಾಡು ಬೇರೆ, ಬಿಳಿಯರ ಹಾಡು ಬೇರೆ. ಆದರೆ ಕರಿಯ ಹಾಡುಗಾರರ ತಟ್ಟೆಗಳನ್ನು ಬಿಳಿಯ ಹುಡುಗ ಹುಡುಗಿಯರೂ ಬಂದು ಕೊಳ್ಳುವುದನ್ನು ಮಿಂಟ್ಸ್ ಗಮನಿಸಿದರು. ಆಲನ್ ಫ್ರೀಡ್ ಎಂಬ ರೇಡಿಯೊದವನಿಗೆ ಇದನ್ನು ತಿಳಿಸಿದರು. 1951ರಿಂದ ಫ್ರೀಡ್ ರಾತ್ರಿ ಹೊತ್ತು ಆ ಹಾಡುಗಳನ್ನೇ ಹಾಕತೊಡಗಿದ. ಹಾಡಿನ ಜೊತೆಗೆ ಟೆಲಿಫೋನ್ ಡೈರೆಕ್ಟರಿಯ ಮೇಲೆ ತಾಳ ಬಡಿಯುತ್ತಿದ್ದನಂತೆ! 'ರಾಕ್ ಅಂಡ್ ರೋಲ್' ಎಂಬ ಹೆಸರು ಮನೆಮಾತಾದದ್ದು ಅವನಿಂದ.

1952ರ ಮಾರ್ಚ್ 21ರಂದು ಅವನು ಇದೇ ಊರಿನ ಅರೀನಾ ಎಂಬ ಕಡೆ ಒಂದು ಕಛೇರಿ ಇಟ್ಟ. ಹಿಡಿಸುವುದು ಹತ್ತು ಸಾವಿರ ಜನ. ಟಿಕೆಟ್ ಮಿತಿಮೀರಿ ಮಾರಾಟವಾಯಿತು, ಸಾಲದ್ದಕ್ಕೆ ನಕಲಿ ಟಿಕೆಟ್ ಬೇರೆ. ಅದರ ಇಮ್ಮಡಿ ಜನ ನುಗ್ಗಿದರು. ಮೊದಲ ಹಾಡುಗಾರರು ಶುರು ಮಾಡುತ್ತಿದ್ದಂತೆಯೇ ಅಧಿಕಾರಿಗಳು ಬಂದು ನಿಲ್ಲಿಸಿದರು. ಹೀಗೆ ನಿಂತುಹೋದ ಆ ಕಛೇರಿಯನ್ನೇ ಪ್ರಪಂಚದ ಮೊದಲ ರಾಕ್ ಕಛೇರಿ ಎಂದು ಕರೆಯುತ್ತಾರೆ! ಈ ಹಿರಿಮೆಯ ಬಲದಿಂದಲೇ ಊರಿನವರು ಆರು ಲಕ್ಷಕ್ಕೂ ಹೆಚ್ಚು ಸಹಿ ಹಾಕಿಸಿ ಈ ವಸ್ತುಸಂಗ್ರಹಾಲಯವನ್ನು ತಮ್ಮಲ್ಲಿಗೆ ತರಿಸಿಕೊಂಡರು.

ಅದು ತೆರೆದದ್ದು 1995ರ ಸೆಪ್ಟೆಂಬರಿನಲ್ಲಿ. 2ನೆಯ ತಾರೀಕು ಪಕ್ಕದ ದೊಡ್ಡ ಕ್ರೀಡಾಂಗಣದಲ್ಲಿ ಕಛೇರಿ. ತಮ್ಮ ಅಲ್ಲಿದ್ದ. ಮುದುಕ ಚಕ್ ಬೆರಿ ಗಿಟಾರು ಹಿಡಿದು ಬಂದದ್ದು, ಅರೀತಾ ಫ್ರಾಂಕ್ಲಿನ್ ದನಿ ಎತ್ತಿದಾಗ ಮೈ ಜುಮ್ಮೆಂದದ್ದು, ಬಾಬ್ ಡಿಲನ್ ಬಂದದ್ದು... ಏಳು ಗಂಟೆ ಹತ್ತಿರ ನಡೆಯಿತಂತೆ, ಮನೆ ಸೇರಿದಾಗ ಬೆಳಗಿನ ಜಾವ. ಈಗ ಆ ಕ್ರೀಡಾಂಗಣವೂ ಇಲ್ಲ, ಅದೇ ಜಾಗದಲ್ಲಿ 1999ರಲ್ಲಿ ಹೊಸದು ಬಂದಿದೆ. ಅವನು ಅದನ್ನೇ ನೋಡುತ್ತ, "ನನ್ನ ಸುತ್ತ ಇದ್ದೋರು ಯಾರ್ಯಾರೋ ಅಕ್ಕ. ಎಲ್ಲರೂ ಒಟ್ಟಿಗೆ ಹಾಡ್ತಾ ಇದ್ರು, ಪ್ರತಿ ಮಾತೂ ನಂಗೆ ಬರ್ತಿತ್ತು. ಈ ದೇಶಕ್ಕೆ ಬಂದ ಮೇಲೆ ಮೊದಲನೇ ಸಲ ನಾನೂ ಇಲ್ಲಿಯವನು ಅನ್ನಿಸಿದ್ದು ಅವತ್ತೇ" ಎಂದ.

ಆ ಕಛೇರಿಯ ಬಗ್ಗೆ ಅಮ್ಮನಿಗೆ ಎಂಟು ಪುಟದ ಕಾಗದ ಬರೆದಿದ್ದ, ನನಗೆ ನೆನಪಿದೆ. ಅಮ್ಮ ಬರೆಸಿದ ಉತ್ತರ ಒಂದೇ ಸಾಲಿನದು: "ಅವತ್ತು ರಾತ್ರಿ ಊಟ ಏನು ಮಾಡಿದೆ?" ಕಾರು ನಿಲ್ಲಿಸುವ ಜಾಗದಲ್ಲಿ ಕೂತು ಡಬ್ಬಿಯ ಮೊಸರನ್ನ ತಿಂದಿದ್ದನಂತೆ.

ಮರುದಿನ ಕರೆದುಕೊಂಡು ಹೋದದ್ದು ಎಲ್ಲಿಗೆ ಅಂತೀರಿ? ಸ್ಮಶಾನಕ್ಕೆ! ಲೇಕ್ ವ್ಯೂ ಎಂಬ ಆ ಸ್ಮಶಾನ ನಮ್ಮ ಲಾಲ್‌ಬಾಗಿನ ಹಾಗಿದೆ, ಮರಗಳ ನಡುವೆ ಜನ ಸುತ್ತಾಡಲು ಬರುತ್ತಾರೆ. ಅಧ್ಯಕ್ಷ ಗಾರ್‌ಫೀಲ್ಡ್, ಸಿರಿವಂತ ರಾಕ್‌ಫೆಲರ್ ಮಲಗಿರುವುದು ಅಲ್ಲೇ. ಆಲನ್ ಫ್ರೀಡನ ಸಮಾಧಿಯೂ ಅಲ್ಲೇ. ಕಲ್ಲನ್ನು ಜ್ಯೂಕ್‌ಬಾಕ್ಸಿನ ಆಕಾರದಲ್ಲಿ ಕೆತ್ತಿದ್ದಾರೆ, ಅದೇ, ಕಾಸು ಹಾಕಿದರೆ ಹಾಡುವ ಪೆಟ್ಟಿಗೆ. ಫ್ರೀಡ್ ಏನೂ ಸಾಧುಸಂತನಲ್ಲ. ಹಾಡು ಹಾಕಲು ಕಂಪನಿಗಳಿಂದ ದುಡ್ಡು ತೆಗೆದುಕೊಂಡನೆಂಬ ಹಗರಣದಲ್ಲಿ 1959ರಲ್ಲಿ ಕೆಲಸ ಕಳೆದುಕೊಂಡ. 1965ರಲ್ಲಿ, 43ನೆಯ ವಯಸ್ಸಿಗೇ ತೀರಿಕೊಂಡ. 2002ರಲ್ಲಿ ಅವನ ಚಿತಾಭಸ್ಮವನ್ನು ಆ ಗಾಜಿನ ಕಟ್ಟಡಕ್ಕೆ ತಂದಿಟ್ಟರು. 2014ರಲ್ಲಿ, ಇನ್ನು ಇಲ್ಲಿ ಬೇಡ, ತೆಗೆದುಕೊಂಡು ಹೋಗಿ ಎಂದು ಮನೆಯವರಿಗೆ ಹೇಳಿದರು. 2016ರಲ್ಲಿ ಇಲ್ಲಿ ಅದಕ್ಕೆ ನೆಲೆ ಸಿಕ್ಕಿತು.

ನನಗೆ ಪಶ್ಚಿಮವಾಹಿನಿ ಕಣ್ಣಮುಂದೆ ಬಂತು. ತಡೆಯಲಾಗದೆ ಕೇಳಿಯೇಬಿಟ್ಟೆ: "ಅಮ್ಮ ಹೋದ ದಿನ ಹಾಡು ಹಾಕಿದ್ಯಂತಲ್ಲ, ಹೇಗೆ ಮನಸ್ಸು ಬಂತೋ ನಿಂಗೆ?" ಅವನು ಮಾತಾಡಲಿಲ್ಲ. ಮನೆಗೆ ಹೋಗುವವರೆಗೂ ಕಾರಿನಲ್ಲಿ ರೇಡಿಯೊ ಸಹ ಹಾಕಲಿಲ್ಲ.

ಮಾರನೆಯ ಬೆಳಗ್ಗೆ ಆರೂಕಾಲಿಗೆ ಬಾಗಿಲು ತಟ್ಟಿದ. "ಬಾ ಅಕ್ಕ, ಕೆಳಗೆ." ನೆಲಮಾಳಿಗೆಯಲ್ಲಿ ಒಂದು ಮೇಜು, ಕಂಪ್ಯೂಟರ್, ಮೈಕು. ಅದೇ ಅವನ ರೇಡಿಯೊ ನಿಲಯ. ಗೋಪುರ ಇಲ್ಲ, ತಂತಿ ಇಲ್ಲ. ಮೈಕಿನ ಮಾತನ್ನೂ ಹಾಡನ್ನೂ ಕಂಪ್ಯೂಟರ್ ಚಿಕ್ಕ ಚಿಕ್ಕ ಕಂತೆ ಮಾಡಿ ಇಂಟರ್‌ನೆಟ್ಟಿನಲ್ಲಿ ಇನ್ನೊಂದು ದೊಡ್ಡ ಕಂಪ್ಯೂಟರಿಗೆ ಕಳಿಸುತ್ತದೆ. ಅದು ಕೇಳುವ ಒಬ್ಬೊಬ್ಬರಿಗೂ ಒಂದೊಂದು ಪ್ರತಿ ಬಡಿಸುತ್ತದೆ. ಬಡಿಸುವಷ್ಟರಲ್ಲಿ ಕೆಲವು ಸೆಕೆಂಡು ತಡವಾಗುತ್ತದೆ, ಅಷ್ಟೆ. ಹಾಡುಗಳಿಗೆ ಹಕ್ಕಿನ ಶುಲ್ಕ ಕಟ್ಟಬೇಕು. ಅಮೆರಿಕದ ಕಾನೂನಿನಲ್ಲಿ ಪಂಕ್ತಿಭೇದಕ್ಕೂ ಆಸ್ಪದವಿಲ್ಲ: ಮೂರು ಗಂಟೆಯೊಳಗೆ ಒಂದೇ ಆಲ್ಬಮ್ಮಿನ ಮೂರಕ್ಕಿಂತ ಹೆಚ್ಚು, ಒಬ್ಬರದೇ ನಾಲ್ಕಕ್ಕಿಂತ ಹೆಚ್ಚು ಹಾಡು ಹಾಕುವ ಹಾಗಿಲ್ಲ. 2016ರ ಆರಂಭದಲ್ಲಿ ಸಣ್ಣವರಿಗಿದ್ದ ರಿಯಾಯಿತಿ ಹೋಗಿ ಎಷ್ಟೋ ಮನೆ ರೇಡಿಯೊಗಳು ಮುಚ್ಚಿದವು. ಇವನದೂ ಕೆಲವು ತಿಂಗಳು ನಿಂತಿತ್ತು. ಆಗ ಅಮ್ಮ ದಿನವೂ ಸಂಜೆ, "ಇವತ್ತೂ ಬರಲ್ವಾ ಅದು?" ಎಂದು ಕೇಳುತ್ತಿದ್ದದ್ದು ನನಗೆ ನೆನಪಾಯಿತು.

ಹೌದು, ಅಮ್ಮ ಕೇಳುತ್ತಿದ್ದಳು. 2010ರಲ್ಲಿ ಅವನು ಶುರು ಮಾಡಿದಾಗಿನಿಂದ ಸಂಜೆ ನಾಲ್ಕಕ್ಕೆ ಕಾಫಿ ಹಿಡಿದು ನನ್ನ ಮಗನ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂರುವಳು. ಡಬ್ಬ ಬಡಿತ ಎಂದವಳು ಒಂದು ಗಂಟೆ ಅಲ್ಲಾಡುತ್ತಿರಲಿಲ್ಲ. ನಾನು ಒಳಗಿನಿಂದ "ಸ್ವಲ್ಪ ಸಣ್ಣಗೆ ಮಾಡಮ್ಮ" ಎಂದು ಗೊಣಗುತ್ತಿದ್ದೆ.

ಸರಿಯಾಗಿ ಆರೂವರೆಗೆ ತಮ್ಮ ಮೈಕಿನ ಮುಂದೆ ಬಾಗಿ "ನಮಸ್ಕಾರ" ಎಂದ. ಆಮೇಲೆ ಇಂಗ್ಲಿಷ್. ಪರದೆಯಲ್ಲಿ ಕೇಳುಗರ ಲೆಕ್ಕ ಕಾಣುತ್ತಿತ್ತು: 11. ಹಾಡು ಶುರುವಾದ ಮೇಲೆ, "ಇಲ್ಲಿ ಯಾರಿಗೋ ಕನ್ನಡದ ನಮಸ್ಕಾರ?" ಎಂದೆ.

"ಅಮ್ಮನಿಗೆ. ಅವಳು ಕೇಳ್ತಿದ್ದದ್ದು ಅದೊಂದೇ ಮಾತಿಗೆ, ನಂಗೆ ಗೊತ್ತಿಲ್ವಾ?"

ಇಲ್ಲಿಯ ಬೆಳಗಿನ ಆರೂವರೆ ಎಂದರೆ ನಮ್ಮಲ್ಲಿ ಸಂಜೆ ನಾಲ್ಕು. ಆದರೆ ಈ ದೇಶದಲ್ಲಿ ನವೆಂಬರಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಗ ನಮ್ಮ ನಾಲ್ಕು ಗಂಟೆಗೆ ಇಲ್ಲಿ ಇನ್ನೂ ಐದೂವರೆ. ಹೊರಗೆ ಮೊಣಕಾಲುದ್ದ ಹಿಮ. ಅಮ್ಮನ ಕಾಫಿ ಹೊತ್ತು ತಪ್ಪಬಾರದೆಂದು ಚಳಿಗಾಲವೆಲ್ಲ ಅವನು ಒಂದು ಗಂಟೆ ಮುಂಚೆ ಎದ್ದು ಹೀಟರು ಹಾಕಿಕೊಂಡು ಇಲ್ಲಿ ಕೂರುತ್ತಿದ್ದನಂತೆ. ಹನ್ನೊಂದು ವರ್ಷ! ಅಮ್ಮನಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ.

"ಅವತ್ತು ರಾತ್ರಿ ಒಂದೂವರೆಗೆ ನಿನ್ನ ಫೋನ್ ಬಂತು. ಆಮೇಲೆ ನಿದ್ದೆ ಎಲ್ಲಿ? ಆರೂವರೆ ಆಯ್ತು. ಅಲ್ಲಿ ನಾಲ್ಕು ಗಂಟೆ ಆಯ್ತಲ್ಲ, ಅಮ್ಮ ಬಂದು ಕೂತಿರ್ತಾಳೆ ಅನ್ನಿಸ್ತು ಅಕ್ಕ. ಇಳಿದು ಬಂದೆ. ನಮಸ್ಕಾರ ಅಂದೆ. ಮುಂದೆ ಮಾತೇ ಹೊರಡಲಿಲ್ಲ, ಹಾಡು ಹಾಕಿಬಿಟ್ಟೆ."

ನಾನು ಏನು ಹೇಳಲಿ, ನೀವೇ ಹೇಳಿ. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಮಾತು ತಿರುಗಿಸಲು ತಮ್ಮನೇ, "ಮನೆಯಲ್ಲಿ ರೇಡಿಯೊ ನಡೆಸೋದು ನಮ್ಮೂರಿನ ಚಾಳಿ ಕಣೆ ಅಕ್ಕ" ಎಂದ. ನಿಜವೇ. ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವಾಟ್‌ನ ಯಂತ್ರವಿಟ್ಟು ರೇಡಿಯೊ ನಡೆಸಿದರು. 'ಆಕಾಶವಾಣಿ' ಎಂಬ ಹೆಸರನ್ನು ಮುಂದೆ ಇಡೀ ದೇಶ ತೆಗೆದುಕೊಂಡದ್ದು ಅಲ್ಲಿಂದ.

ನಿಮ್ಮ ಮಕ್ಕಳೂ ಆ ಕಡೆ ಇದ್ದರೆ ಕ್ಲೀವ್‌ಲ್ಯಾಂಡ್ ನೋಡಿ ಬನ್ನಿ. ಸೆಪ್ಟೆಂಬರ್ ಒಳ್ಳೆಯ ಕಾಲ, ಹಿಮ ಇರುವುದಿಲ್ಲ. ಆದರೂ ಸರೋವರದ ಗಾಳಿಗೆ ಒಂದು ಸ್ವೆಟರ್ ಇರಲಿ. ಆ ಗಾಜಿನ ಕಟ್ಟಡಕ್ಕೆ ಅರ್ಧ ದಿನ ಬೇಕು, ಕಾಲಿಗೆ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ. ಇಂಟರ್‌ನೆಟ್ ರೇಡಿಯೊ ಕೇಳಲು ದೊಡ್ಡ ಖರ್ಚೂ ಇಲ್ಲ: ಸಾಧಾರಣ 128 ಕಿಲೋಬಿಟ್ ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 58 ಎಂಬಿ ಡೇಟಾ ಸಾಕು. ನಿಮ್ಮ ಮನೆಯ ಹುಡುಗರು ಕಿವಿಗೆ ಸಿಕ್ಕಿಸಿಕೊಂಡು ಏನೋ ಗದ್ದಲ ಕೇಳುತ್ತಿದ್ದರೆ ಬೈಯುವ ಮೊದಲು ಒಂದು ದಿನ ಪಕ್ಕದಲ್ಲಿ ಕೂತು, ಅದೇನಪ್ಪ ಎಂದು ಕೇಳಿ ನೋಡಿ. ನಾನು ಕೇಳಿದ್ದು ನಲವತ್ತು ವರ್ಷ ತಡವಾಗಿ.

ಈಗ ಹುಣಸೂರಿನಲ್ಲಿ ನಾಲ್ಕು ಗಂಟೆಗೆ ನಾನು ಕಾಫಿ ಬೆರೆಸಿಕೊಂಡು ಫೋನನ್ನು ಕಿಟಕಿಯ ಹತ್ತಿರ ಇಟ್ಟುಕೊಳ್ಳುತ್ತೇನೆ. ಡ್ರಮ್ಮಿನ ಸದ್ದು ಇವತ್ತಿಗೂ ನನಗೆ ಒಗ್ಗಿಲ್ಲ, ಸಣ್ಣಗೆ ಇಟ್ಟುಕೊಂಡೇ ಕೇಳುವುದು. ಆದರೆ ನಮಸ್ಕಾರ ಬರುವ ಹೊತ್ತಿಗೆ ಮಾತ್ರ ಒಲೆಯ ಮೇಲೆ ಏನಿದ್ದರೂ ಇಳಿಸಿ ಬಂದು ಕೂತಿರುತ್ತೇನೆ.