ಕಾಲ್ಚೆಂಡಾಟವೂ ಹೃದಯರಕ್ಷೆಯೂ

ಮಳೆಗಾಲವು ಮಂಗಳೂರಿನಲ್ಲಿ ನೆಲೆನಿಂತಿತೆಂದರೆ ಇತರ ಆಟಗಳು ಜಗಲಿಯನ್ನು ಸೇರುವುವು. ಕಾಲ್ಚೆಂಡಾಟವಾದರೋ ಮಳೆಯನ್ನೇ ಬಂಧುವೆಂದು ಬಗೆದು ಬಯಲಿಗಿಳಿಯುವುದು. ನೆಹರೂ ಮೈದಾನದ ಕೆಸರಿನಲ್ಲಿ ಜಾರುತ್ತ ಏಳುತ್ತ ಚೆಂಡಿನ ಬೆನ್ನುಹತ್ತುವ ಹುಡುಗರನ್ನು ಕುರಿತು ತಾಯ್ತಂದೆಗಳಿಗೆ ನೆಗಡಿಯ ಚಿಂತೆಯುಂಟು, ಉಳುಕಿದ ಕಾಲಿನ ಚಿಂತೆಯುಂಟು. ಎದೆಯ ಚಿಂತೆ ಮಾತ್ರ ಇಲ್ಲ. ಅಷ್ಟು ಓಡುವವನ ಎದೆ ಗಟ್ಟಿಯಾಗಿಯೇ ಇರಬೇಕೆಂದು ಲೋಕದ ನಂಬಿಕೆ.

ಈ ನಂಬಿಕೆ ಬಹುಮಟ್ಟಿಗೆ ನಿಜವೇ, ಪೂರ್ಣವಾಗಿ ನಿಜವಲ್ಲ. 2003ನೆಯ ಇಸವಿ ಜೂನ್ 26ರಂದು ಫ್ರಾನ್ಸಿನ ಲಿಯೋನಿನಲ್ಲಿ ಕ್ಯಾಮರೂನ್ ದೇಶದ ಮಾರ್ಕ್ ವಿವಿಯನ್ ಫೋಯೆ ಎಂಬ ಆಟಗಾರನು ಯಾರೂ ಸೋಕದೆಯೇ ಕುಸಿದು ಗತಿಸಿದನು. ಹೃದಯದ ಮಾಂಸಭಿತ್ತಿ ಅಳತೆಮೀರಿ ದಪ್ಪವಾಗಿದ್ದುದು ಮರಣಾನಂತರ ತಿಳಿಯಿತು. ಮರುವರ್ಷ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಶನ್ ಕಪ್ಪಿನ ಅಂತಿಮ ಪಂದ್ಯ. ಗೋವೆಯ ಡೆಂಪೋ ತಂಡದ ಕ್ರಿಸ್ಟಿಯಾನೋ ಜೂನಿಯರ್ ತನ್ನ ಎರಡನೆಯ ಗೋಲನ್ನು ಹೊಡೆಯುತ್ತ, ಗೋಲು ಕಾಯುವವನಿಗೆ ತಾಗಿ ಬಿದ್ದವನು ಮತ್ತೆ ಏಳಲಿಲ್ಲ. ಬ್ರೆಜಿಲಿನಿಂದ ಬಂದಿದ್ದ ಆತನ ವಯಸ್ಸು 25.

ಹೃದಯವನ್ನು ಶಿರಸ್ಸು, ವಸ್ತಿಗಳೊಡನೆ ಮೂರು ಪ್ರಧಾನ ಮರ್ಮಗಳಲ್ಲಿ ಎಣಿಸಿದ ಚರಕಾಚಾರ್ಯರಿಗೆ ಇದರ ಗಹನತೆ ತಿಳಿದಿತ್ತು. ಈಗಿನ ವೈದ್ಯರು ಲೆಕ್ಕವನ್ನಿಟ್ಟು ಶೋಧಿಸಿರುವರು. ಇಟಲಿಯಲ್ಲಿ 1982ರಿಂದ ಸ್ಪರ್ಧಾಳುಗಳಿಗೆ ಹೃದಯಪರೀಕ್ಷೆ ಕಡ್ಡಾಯವಾಯಿತು. ಅಲ್ಲಿನ ವೆನೆಟೋ ಪ್ರಾಂತದಲ್ಲಿ ತರುಣ ಆಟಗಾರರ ಹಠಾತ್ ಹೃದಯಮರಣವು ಸುಮಾರು ಕಾಲು ಶತಮಾನದಲ್ಲಿ ನೂರಕ್ಕೆ 89ರಷ್ಟು ಇಳಿಯಿತೆಂದು 2006ರಲ್ಲಿ ಪ್ರಕಟವಾಯಿತು. ಕಾಲ್ಚೆಂಡಾಟಗಾರರನ್ನೇ ಕುರಿತು 2014ರಿಂದ 2018ರವರೆಗೆ 67 ದೇಶಗಳಿಂದ ಕೂಡಿಸಿದ ದಾಖಲೆಯಲ್ಲಿ ಹೀಗೆ ಕುಸಿದವರು 617 ಮಂದಿ, ಬದುಕಿದವರು 142. ಎದೆಯನ್ನೊತ್ತುವ ಉಪಚಾರದೊಡನೆ ವಿದ್ಯುದಾಘಾತದ ಯಂತ್ರವೂ ದೊರೆತವರಲ್ಲಿ ನೂರಕ್ಕೆ 85 ಮಂದಿ ಉಳಿದರು. ಯಂತ್ರವಿಲ್ಲದೆ ಒತ್ತುವಿಕೆಯೊಂದೇ ದೊರೆತವರಲ್ಲಿ 35.

ಕಾರಣವು ಸರಳವಾದುದು. ಇಂತಹ ವೇಳೆ ಹೃದಯವು ಅನೇಕ ವೇಳೆ ಒಮ್ಮೆಲೇ ನಿಲ್ಲದೆ, ಲಯತಪ್ಪಿ ವ್ಯರ್ಥವಾಗಿ ಕಂಪಿಸುವುದು. ಎದೆಯನ್ನು ಬಲವಾಗಿ, ಬೇಗಬೇಗನೆ ಒತ್ತುತ್ತಿದ್ದರೆ ಮೆದುಳಿಗೆ ರಕ್ತವು ಹರಿಯುತ್ತಿರುವುದು. ಯಂತ್ರದ ಆಘಾತವು ಲಯವನ್ನು ಮರಳಿಸುವುದು. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುವುದು. 2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಕುಸಿದ ಕ್ರಿಶ್ಚಿಯನ್ ಎರಿಕ್ಸನ್‌ನಿಗೆ ಈ ಎರಡೂ ಮೈದಾನದಲ್ಲಿಯೇ ದೊರೆತವು. ಎಂಟು ತಿಂಗಳಲ್ಲಿ ಆತನು ಮತ್ತೆ ಆಡಿದನು.

ನೆಹರೂ ಮೈದಾನಕ್ಕೆ ವೆನ್ಲಾಕ್ ಆಸ್ಪತ್ರೆಯು ಕಾಲ್ನಡಿಗೆಯ ದೂರದಲ್ಲಿದೆ. ವೈದ್ಯಕೀಯ ಕಾಲೇಜುಗಳಿಗೆ ಮಂಗಳೂರಿನಲ್ಲಿ ಕೊರತೆಯಿಲ್ಲ. ಆದರೆ ಹಂಪನಕಟ್ಟೆಯ ಸಂದಣಿಯನ್ನು ದಾಟಿ ರೋಗಿಯು ಆಸ್ಪತ್ರೆಯ ಬಾಗಿಲನ್ನು ಮುಟ್ಟುವುದರೊಳಗೆ ಆ ಅಮೂಲ್ಯ ನಿಮಿಷಗಳು ಕಳೆದುಹೋಗಲಾರವೆ? ಆದುದರಿಂದ ಮೊದಲ ವೈದ್ಯನು ಬಯಲಿನ ಅಂಚಿನಲ್ಲಿಯೇ ಇರಬೇಕು. ಅವನು ಪದವೀಧರನೇ ಆಗಬೇಕೆಂದಿಲ್ಲ. ಎದೆಯನ್ನೊತ್ತಲು ಕಲಿತ ವ್ಯಾಯಾಮ ಶಿಕ್ಷಕನಾಗಬಹುದು, ಜತೆಯಾಟಗಾರನಾಗಬಹುದು. ಆಟದಲ್ಲಿ ಮೂರ್ಛೆಹೋದ ಹುಡುಗನನ್ನೂ, ಎಳೆಯ ಪ್ರಾಯದಲ್ಲಿ ಹಠಾತ್ತಾಗಿ ತೀರಿಕೊಂಡವರಿರುವ ಮನೆತನದ ಹುಡುಗನನ್ನೂ ವೈದ್ಯರಿಗೆ ತೋರಿಸದೆ ಮರುದಿನ ಆಟಕ್ಕೆ ಬಿಡಬಾರದು.

ಮಕ್ಕಳನ್ನು ಬಯಲಿನಿಂದ ಮನೆಗೆ ಕರೆಯುವುದು ಇದಕ್ಕೆ ಉತ್ತರವಲ್ಲ. ಓಟವಿಲ್ಲದ ಬಾಲ್ಯದಿಂದ ಬರುವ ರೋಗಗಳೇ ಹೆಚ್ಚು. ಬಹುಮಾನದ ಬೆಳ್ಳಿಯ ಬಟ್ಟಲಿಗೆ ಹಣಕೂಡಿಸುವ ಊರಿನ ಮಹನೀಯರು, ಆ ಬಟ್ಟಲಿನ ಪಕ್ಕದಲ್ಲಿ ಪ್ರಾಣರಕ್ಷಕವಾದ ಆ ಪುಟ್ಟ ಯಂತ್ರವನ್ನೂ ಇರಿಸಲಿ. ಅದು ಎಂದೂ ಉಪಯೋಗಕ್ಕೆ ಬಾರದೆ ಧೂಳುಹಿಡಿದರೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ.